ರಂಜಿತಳ ಲೇಸರ್ ಡಬ್ಬಿ

ನಾನು ಅಶ್ವತ್ಥಮ್ಮ. ಮುಳಬಾಗಿಲು ಬಸ್ ನಿಲ್ದಾಣದ ಎದುರು ಹೂ ಕಟ್ಟಿ ಮಾರುತ್ತೇನೆ. ನನ್ನ ಹೂವಿನ ಬುಟ್ಟಿಗೂ ರಂಜಿತಳ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ಚಪ್ಪಡಿ ಕಲ್ಲು. ಒಳಗೆ ಯಾರು ಸೀನಿದರೂ ನನಗೆ ಕೇಳಿಸುತ್ತದೆ. ಅವಳ ವಿಷಯ ಯಾರ್ಯಾರೋ ಅರ್ಧಂಬರ್ಧ ಹೇಳಿಕೊಂಡು ತಿರುಗುತ್ತಿದ್ದಾರೆ, ಅದಕ್ಕೇ ನಾನು ಬಾಯಿ ಬಿಡುತ್ತಿದ್ದೇನೆ. ಕ್ಷಮೆ, ದೊಡ್ಡ ಮನಸ್ಸು, ಆ ಥರದ್ದು ಕೇಳುವ ಆಸೆಯಿದ್ದರೆ ಈಗಲೇ ಎದ್ದು ಬಸ್ಸು ಹತ್ತಿ.

ಅಂಗಡಿ ಮೊದಲು ಅವಳ ಗಂಡ ಶ್ರೀಧರನದು. ಟಿವಿ, ಮಿಕ್ಸಿ, ಸ್ಪೀಕರ್, ಎಲ್ಲ ಅವನ ಕೈಗೆ ಬಂದರೆ ಬಾಯಿ ಬಿಡುತ್ತಿದ್ದವು. ಅವನಿಗಿದ್ದದ್ದು ಒಂದೇ ಹುಚ್ಚು, ಪೌರಾಣಿಕ ನಾಟಕ. ಸೈನಿಕನಾಗಿ, ವಿದುರನಾಗಿ, ಸಾತ್ಯಕಿಯಾಗಿ ಕುಣಿದು ಕುಣಿದು ಕೊನೆಗೆ ಹುಟ್ಟೂರು ತಾಯಲೂರಿನಲ್ಲಿ ಕೃಷ್ಣನ ಪಾತ್ರ ಸಿಕ್ಕಿತು. ಆ ಸಲ ಲೈಟಿಂಗ್ ಶ್ರೀನಿವಾಸಪುರದ ಚಂದ್ರು ಎಂಬುವವನದು. ಹೊಸದಾಗಿ ಒಂದು ಲೇಸರ್ ತಂದಿದ್ದ. ವಿಶ್ವರೂಪದ ಹೊತ್ತಿಗೆ ಕೃಷ್ಣನ ಮುಖಕ್ಕೆ ತೇಜಸ್ಸು ಬರಲಿ ಎಂದು ಆ ಬೆಳಕನ್ನು ನೇರ ಮುಖಕ್ಕೇ ಬಿಟ್ಟ ಪುಣ್ಯಾತ್ಮ. ಶ್ರೀಧರ ಪದ ನಿಲ್ಲಿಸಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಜನ ಶಿಳ್ಳೆ ಹೊಡೆದರು.

ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನ ನಟ್ಟನಡುವೆ ಕಪ್ಪು ಮಚ್ಚೆ. ಹೆಂಡತಿಯನ್ನು ನೇರವಾಗಿ ನೋಡಿದರೆ ಮುಖವೇ ಇಲ್ಲ, ಕಿವಿಯ ಓಲೆ ಮಾತ್ರ ಕಾಣುತ್ತದೆ. ಒಳಗೆ ಸುಟ್ಟಿದೆ, ಇದಕ್ಕೆ ಔಷಧಿ ಇಲ್ಲ ಎಂದು ಕೋಲಾರದ ಡಾಕ್ಟರು ಹೇಳಿ ಕಳಿಸಿದರು.

ಚಂದ್ರು ನೋಡಲು ಬರಲಿಲ್ಲ. ಹೋಗಲಿ, ಸುಮ್ಮನಾದರೂ ಇದ್ದನೇ? ಯಾರೋ ಟೀ ಅಂಗಡಿಯಲ್ಲಿ ವಿಷಯ ಎತ್ತಿದಾಗ, "ಪರಮಾತ್ಮ ಅಲ್ವೇನ್ಲಾ, ತಡ್ಕೋಬೇಕಿತ್ತು" ಎಂದು ನಕ್ಕನಂತೆ. ಆ ಮಾತು ಬಸ್ಸಿನಲ್ಲಿ ಬಂದು ನಮ್ಮ ಕಿವಿಗೆ ಬಿತ್ತು. ಅವತ್ತು ರಂಜಿತ ನನ್ನ ಪಕ್ಕ ಕೂತು ಕನಕಾಂಬರ ಕಟ್ಟುತ್ತಿದ್ದಳು. ದಾರ ಕಿತ್ತುಹೋಗುವಂತೆ ಎಳೆದಳು.

"ಅಕ್ಕಾ, ಅವನ್ ಕಣ್ಣಿಗೂ ಅದೇ ಬೆಳಕು ಬಿಡ್ತೀನಿ. ತಡ್ಕೊಳ್ಲಿ ನೋಡೋಣ."

"ಬಿಡೇ ತಾಯಿ. ಎರಡು ಕಣ್ಣಿಗೂ ಬಿಡು" ಎಂದೆ ನಾನು. ಬೇಡಮ್ಮಾ, ಹೆಣ್ಣುಮಕ್ಕಳು ಹೀಗೆಲ್ಲ ಮಾತಾಡಬಾರದು ಎನ್ನಲು ನಾನೇನು ಪುರಾಣ ಹೇಳುವವಳೇ?

ಅಲ್ಲಿಂದ ಅಂಗಡಿ ಅವಳ ಕೈಗೆ ಬಂತು. ಶ್ರೀಧರ ಮೂಲೆಯ ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುವುದು, ಇವಳು ಕೈಯಲ್ಲಿ ಮಾಡುವುದು. ಬೆರಳು ಸುಟ್ಟುಕೊಂಡು, ಅತ್ತು, ಗಂಡನನ್ನು ಬೈದು, ಬೆಸುಗೆ ಕಲಿತಳು. ಒಂದು ದಿನ ಗುಜರಿಯಿಂದ ತಂದ ಪ್ರೊಜೆಕ್ಟರ್ ಬಿಚ್ಚಿದಾಗ ಜೋಳದ ಕಾಳಿನಷ್ಟು ಗಾತ್ರದ ಲೇಸರ್ ತುಂಡು ಸಿಕ್ಕಿತು. ಅದರ ನೀಲಿ ಬೆಳಕು ಮರವನ್ನೂ ಸುಡುತ್ತದಂತೆ.

"ಇದ್ರಲ್ಲಿ ಮರದ ಕೀ ಬಂಚ್ ಮೇಲೆ ಹೆಸರು ಸುಡಬೌದಲ್ರೀ? ಡ್ರೈವರ್‌ಗಳು ತಗೋತಾರೆ" ಎಂದು ಗಂಡನ ಹತ್ತಿರ ಬೆಣ್ಣೆಯಂತೆ ಮಾತಾಡಿದಳು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಶ್ರೀಧರ ಆ ತುಂಡನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ತಡವಿದ. ಆಮೇಲೆ, "ಮೊದ್ಲು ಡಬ್ಬಿ ಮಾಡು ರಂಜಿ. ಡಬ್ಬಿ ಆಗೋವರ್ಗೂ ಕರೆಂಟ್ ಹೆಂಗೆ ಕೊಡೋದು ಅಂತ ನಾನ್ ಹೇಳಲ್ಲ" ಎಂದ.

ಅವಳಿಗೆ ಬೇಕಿದ್ದದ್ದು ಬರೀ ಬೆಳಕು. ಅವನು ಜಗ್ಗಲಿಲ್ಲ. ಹಳೇ ಕಾರ್ ಆಂಪ್ಲಿಫೈಯರಿನ ಅಲ್ಯೂಮಿನಿಯಂ ಮೈಯನ್ನೇ ಡಬ್ಬಿ ಮಾಡಿಸಿದ, ಲೇಸರಿನ ಬಿಸಿಯನ್ನು ಅದು ಎಳೆದುಕೊಳ್ಳಲಿ ಎಂದು. ಬೆಳಕು ಹೋಗಿ ಮುಟ್ಟುವ ಕಡೆ ಮಾಲೂರು ಇಟ್ಟಿಗೆಯ ಚೂರಿಗೆ ಮಸಿ ಬಳಿದು ಕೂರಿಸಿದರು. ಒಳಗಿನ ಮರದ ತುಂಡನ್ನು ಹೊರಗಿನಿಂದಲೇ ಆಚೀಚೆ ಸರಿಸಿ ಹೆಸರು ಸುಡಲು ಎರಡು ತಿರುಪು. ಹೊಗೆ ಹೊರಗೆಳೆಯಲು ಕಂಪ್ಯೂಟರಿನ ಪುಟ್ಟ ಫ್ಯಾನು. ಒಳಗೆ ನೋಡಲು ವೆಲ್ಡಿಂಗ್ ಮಾಡುವವರ ಕಪ್ಪು ಗಾಜಿನ ಕಿಟಕಿ. ಮುಚ್ಚಳ ತೆಗೆದರೆ ತಾನಾಗಿಯೇ ಆರಿಹೋಗಲು ಮುಚ್ಚಳದ ಕೆಳಗೊಂದು ಸ್ವಿಚ್ಚು. ಅಷ್ಟು ಸಾಲದೆಂದು ಹಿಂಬದಿಗೆ ಬೈಕಿನ ಬೀಗ. ಕೀ ತಿರುಗಿಸದೆ ಲೇಸರಿಗೆ ಕರೆಂಟೇ ಹೋಗುವುದಿಲ್ಲ. ನಾನು ನಕ್ಕು, "ಏನ್ ನಾಯನಾ, ಬ್ಯಾಂಕ್ ಕಟ್ತಿದ್ಯಾ?" ಎಂದೆ. ಶ್ರೀಧರ ನಗಲಿಲ್ಲ. ಗಾಜಿನ ಅಂಚಲ್ಲಿ ಬೆಳಕು ಸೋರುತ್ತದೇನೋ ಎಂದು ಅವಳ ಕೈಯಲ್ಲಿ ಸುತ್ತಲೂ ಕಪ್ಪು ಟೇಪು ಸುತ್ತಿಸಿದ.

ಊಟದ ಡಬ್ಬಿಯಷ್ಟು ದೊಡ್ಡದು, ಅಷ್ಟೇ. ಕೀ ಬಂಚುಗಳು ಚೆನ್ನಾಗಿಯೇ ಓಡಿದವು. ಮುಳಬಾಗಿಲಿನಲ್ಲಿ ಒಬ್ಬಳು ಲೇಸರ್ ಮಾಡಿದ್ದಾಳೆ ಎಂಬ ಸುದ್ದಿ ಶ್ರೀನಿವಾಸಪುರದವರೆಗೂ ಹೋಯಿತು. ಹೋಗಲಿ ಎಂದೇ ಡ್ರೈವರುಗಳ ಮುಂದೆ ನಾನು ದಿನಾ ಒದರುತ್ತಿದ್ದೆ.

ಬಂದ ನೋಡಿ. ಬೆಳಗಿನ ಬಿಸಿಲಲ್ಲಿ, ಕಂಕುಳಲ್ಲಿ ತನ್ನ ಲೈಟಿಂಗ್ ಪೆಟ್ಟಿಗೆ ಇಟ್ಟುಕೊಂಡು, ನನ್ನ ಮುಂದೆಯೇ ನಿಂತ.

"ಅಮ್ಮಾ, ಲೇಸರ್ ರಿಪೇರಿ ಇದೇನಾ? ಶ್ರೀನಿವಾಸಪುರದ ಚಂದ್ರು ಅಂತ. ನಾಳೆ ಮಾಲೂರಲ್ಲಿ ರಿಸೆಪ್ಷನ್ ಐತೆ, ನನ್ ಲೇಸರ್ ಕೈ ಕೊಟ್ಬಿಡ್ತು."

"ಓಹೋ, ಚಂದ್ರುನಾ! ಬಾ ನಾಯನಾ, ಬಾ! ನಿನ್ಗೇ ಕಾಯ್ತಾ ಇದ್ವಿ" ಎಂದು ಒಳಗೆ ಕೇಳುವಂತೆ ಕೂಗಿದೆ. ಹೂವು ಅಲ್ಲೇ ಬಿಟ್ಟು ಬಾಗಿಲಿಗೆ ಹೋಗಿ ನಿಂತೆ.

ಅವನಿಗೆ ಯಾರ ಗುರುತೂ ಹತ್ತಲಿಲ್ಲ. ಕೃಷ್ಣನ ಬಣ್ಣ, ಕಿರೀಟ ಬಿಟ್ಟು ಶ್ರೀಧರನ ಮುಖವನ್ನು ಅವನು ಯಾವತ್ತು ನೋಡಿದ್ದ? ಮೂಲೆಯಲ್ಲಿ ಕಪ್ಪು ಕನ್ನಡಕ ಹಾಕಿ, ಮೇಜಿಗೆ ಕೈ ಆನಿಸಿ ಕೂತಿದ್ದವನನ್ನು ನೋಡಿ, "ಅಣ್ಣಂಗೆ ಕಣ್ಣಿಗೇನಾಯ್ತಕ್ಕ?" ಎಂದು ಕೇಳಿದ. ನನ್ನ ಮೈಯೆಲ್ಲ ಉರಿದುಹೋಯಿತು.

"ಪರಮಾತ್ಮ ಅಲ್ವಾ, ತಡ್ಕೊಂಡವ್ರೆ" ಎಂದಳು ರಂಜಿತ.

ಆ ಮಡೆಯನಿಗೆ ಅದೂ ತಲೆಗೆ ಹೋಗಲಿಲ್ಲ. "ನಿಮ್ ಲೇಸರ್ ತೋರ್ಸಕ್ಕ, ಅದನ್ನೇ ತಗೊಂಡೋಗ್ತೀನಿ" ಎಂದ. ರಂಜಿತ ಡಬ್ಬಿಯನ್ನು ಅವನ ಕಡೆ ತಿರುಗಿಸಿ ಮುಚ್ಚಳ ತೆಗೆದಳು. ಮುಚ್ಚಳದ ಸ್ವಿಚ್ಚಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿದಳು. ಮುಚ್ಚಳ ಇದೆ ಎಂದೇ ಡಬ್ಬಿ ತಿಳಿಯಬೇಕು, ಹಾಗೆ. ಇಟ್ಟಿಗೆ ಚೂರನ್ನು ಎತ್ತಿ ಪಕ್ಕಕ್ಕಿಟ್ಟಳು.

"ಬಗ್ಗಿ ನೋಡಣ್ಣ. ಒಳ್ಗಡೆ ಗಾಜಿನ ತುಂಡೈತೆ ನೋಡು, ಅಲ್ಲಿಂದ್ಲೇ ಬರೋದು ಬೆಳಕು."

ಅವನು ಬಗ್ಗಿದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಷ್ಟಗಲ ತೆರೆದು ಡಬ್ಬಿಗೇ ಇಟ್ಟ. ರಂಜಿತ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಗುಂಡಿ ಒತ್ತಿದಳು.

ಟಕ್ ಎಂದಿತು. ಬೆಳಕು ಬರಲಿಲ್ಲ. ಮತ್ತೆ ಒತ್ತಿದಳು. ಟಕ್.

"ಬೀಗದ ಕೈ ನನ್ ಹತ್ರ ಐತೆ ರಂಜಿ" ಎಂದ ಶ್ರೀಧರ.

ಹೊರಗೆ ಚಂದ್ರು ಹೆಸರು ಹೇಳಿದಾಗಲೇ ಅವನು ಮೇಜು ತಡಕಿ ಕೀ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಿದ್ದ. ಅಮ್ಮಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ, ನಾನು ಕೂಗಿದ್ದೇ ಅವನಿಗೆ ಅನುಕೂಲವಾಯಿತು!

"ಮುಚ್ಚಳ ಹಾಕು. ಕಡ್ಡಿ ತೆಗಿ. ಇಟ್ಟಿಗೆ ಇಟ್ಯಾ?" ಎಂದು, ಎಲ್ಲವನ್ನೂ ಓರೆಗಣ್ಣಲ್ಲೇ ಕಂಡಿದ್ದವನಂತೆ ಒಂದೊಂದೇ ಹೇಳಿದ. ಅವಳು ಹಲ್ಲು ಕಚ್ಚಿಕೊಂಡು ಮಾಡಿದಳು. ಗೋಡೆಗೆ ನೇತುಹಾಕಿದ್ದ ಕೃಷ್ಣನ ಕಿರೀಟದಿಂದ ನವಿಲುಗರಿ ಕಿತ್ತುಕೊಡಲು ಹೇಳಿ, ಅದನ್ನು ತಾನೇ ತಡವಿ ಡಬ್ಬಿಯೊಳಗೆ ಇಡಿಸಿದ. ಮುಚ್ಚಳ ಭದ್ರವಾದ ಮೇಲೆ ಕೀ ತಿರುಗಿಸಿ ಗುಂಡಿ ಒತ್ತಿದ.

"ಈಗ ಕಿಟಕೀಲಿ ನೋಡು ಚಂದ್ರು."

ಕಪ್ಪು ಗಾಜಿನ ಹಿಂದೆ ಸಣ್ಣ ಚುಕ್ಕೆ ಹೊತ್ತಿತು. ಗರಿಯ ನಡುವಿನ ಕಣ್ಣು ಚುರುಗುಟ್ಟಿ, ಮುದುಡಿ, ತೂತಾಯಿತು. ಕೂದಲು ಸುಟ್ಟ ವಾಸನೆ ಅಂಗಡಿ ತುಂಬಿತು.

"ನಿಂದು ಇದಕ್ಕಿಂತ ದೊಡ್ಡದಿತ್ತು. ತಾಯಲೂರಲ್ಲಿ ನನ್ ಮುಖಕ್ಕೆ ತೇಜಸ್ಸು ಕೊಟ್ಯಲ್ಲಪ್ಪ, ಮರ್ತೋಯ್ತಾ?" ಎಂದು ಶ್ರೀಧರ ಕನ್ನಡಕ ತೆಗೆದ.

ಚಂದ್ರುವಿನ ಎರಡೂ ಕೈ ತಾವಾಗಿಯೇ ಅವನದೇ ಕಣ್ಣುಗಳ ಮೇಲೆ ಹೋದವು. ತನ್ನ ಪೆಟ್ಟಿಗೆಯನ್ನೂ ಬಿಟ್ಟು ಹೊರಗೋಡಿದ. ನಾನು ಸುಮ್ಮನೆ ಬಿಡುವವಳೇ? ಬಸ್ ನಿಲ್ದಾಣದ ಗೇಟಿನವರೆಗೂ ಹಿಂದೆ ಹೋಗಿ, ಅವನು ಯಾರು, ಏನು ಮಾಡಿದ, ಏನೆಂದು ನಕ್ಕ ಎಂದು ಇದ್ದಬದ್ದವರಿಗೆಲ್ಲ ಕೇಳುವಂತೆ ತೆಲುಗು, ಕನ್ನಡ ಎರಡರಲ್ಲೂ ಮಾನ ಕಳೆದೆ. ಈಗ ತಾಯಲೂರು ಕಡೆ ಯಾರೂ ಅವನ ಲೈಟು ಕರೆಸುವುದಿಲ್ಲ. ಪೆಟ್ಟಿಗೆ ಕೇಳಲು ಅವನು ಇವತ್ತಿಗೂ ಬಂದಿಲ್ಲ.

ತಿರುಗಿ ಬಂದಾಗ ರಂಜಿತ ಗಂಡನ ಎದೆಗೆ ಗುದ್ದುತ್ತಿದ್ದಳು. "ಯಾಕ್ ತಡದ್ರಿ? ಸಿಕ್ಕಿದ್ದ ಅವನು! ಯಾಕ್ ತಡದ್ರಿ?"

ಅವನು ಗುದ್ದಿಸಿಕೊಂಡ. ಆಮೇಲೆ ಅವಳ ಮುಖವನ್ನು ತಡಕಿ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನ ಜೈಲಿಗ್ ಹಾಕಿದ್ರೆ ನಾನೇನ್ ಮಾಡ್ಲೇ? ನಮ್ ಮನೇಲಿ ಉಳಿದಿರೋದು ಎರಡೇ ಕಣ್ಣು. ಎರಡೂ ನಿಂದೇ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಶ್ರೀಧರ ಕೀಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡಳು.

ಸಿಟ್ಟು ಹೋಯಿತೇ ಎಂದು ಕೇಳುತ್ತಾರೆ. ಥೂ, ಎಲ್ಲಿಗೆ ಹೋಗುತ್ತದೆ? ಶ್ರೀನಿವಾಸಪುರದ ಬಸ್ಸು ಬಂದು ನಿಂತಾಗಲೆಲ್ಲ ಅವಳು ಕೆಲಸ ಬಿಟ್ಟು ಇಳಿಯುವವರನ್ನು ಒಬ್ಬೊಬ್ಬರನ್ನೇ ನೋಡುತ್ತಾಳೆ. ಕೈ ತಾಳಿಯ ಹತ್ತಿರ ಹೋಗಿ ಕೀಯನ್ನು ಹಿಡಿದಿರುತ್ತದೆ. ಒಳಗಿಂದ ಶ್ರೀಧರ, "ರಂಜಿ, ಇದ್ಯಾ?" ಎಂದು ಕೂಗುತ್ತಾನೆ. "ಇದೀನಿ ಕಣ್ರೀ" ಎಂದು ಅವಳು ಒಳಗೆ ಹೋಗುತ್ತಾಳೆ.