ದವಡೆಯ ಕಿಟಕಿ ಕಾಯುವ ಬಿರಡೆ ಅಕ್ಕ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಆಸ್ಪತ್ರೆಯ ದಂತ ವಿಭಾಗದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗಕ್ಕೊಂದು ಬಾಗಿಲು ಹಚ್ಚಿ ಮಾಡಿದ ಕೋಣೆಯಲ್ಲಿ ಪಾಲಿಶ್ ಯಂತ್ರ ಗುಂಯ್‌ಗುಡುತ್ತಿದೆ. ಒದ್ದೆ ಪುಡಿ ಮೆತ್ತಿದ ಬಟ್ಟೆಯ ಚಕ್ರಕ್ಕೆ ಗುಲಾಬಿ ಬಣ್ಣದ ಒಂದು ಚೂರನ್ನು ಒಡ್ಡಿ, ತೆಗೆದು, ದೀಪಕ್ಕೆ ಹಿಡಿದು ನೋಡುತ್ತಾರೆ ಆಕೆ. ಚೂರು ಅಂಗಿಯ ಗುಂಡಿಗಿಂತ ತುಸು ದಪ್ಪ, ಪಕ್ಕದಲ್ಲಿ ತಂತಿಯ ಕೊಕ್ಕೆ. ಆಮೇಲೆ ಅದರ ಮೈಮೇಲೆ ಹತ್ತಿಯ ಎಳೆಯೊಂದನ್ನು ಎಳೆಯುತ್ತಾರೆ. ಎಳೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ.

‘ಹತ್ತಿಗೆ ಸಿಕ್ಕಿದ್ದು ನಾಲಿಗೆಗೆ ಸಿಗದೆ ಇರುತ್ತಾ? ಮಕ್ಕಳ ನಾಲಿಗೆ ಅಂದ್ರೆ ಪೊಲೀಸಿನವರಿದ್ದಂತೆ, ಎಲ್ಲಾ ಕಡೆ ಹುಡುಕುತ್ತೆ’ ಎಂದು ಮತ್ತೆ ಯಂತ್ರದ ಗುಂಡಿ ಒತ್ತುತ್ತಾರೆ.

ಕೈಯಲ್ಲಿರುವುದು ಬಿರಡೆ. ಮಕ್ಕಳ ದವಡೆಯಲ್ಲಿ ಡಾಕ್ಟರು ತೆರೆದ ತೂತಿಗೆ ಹಾಕುವ ಬಿರಡೆ. ಅದರಿಂದಲೇ ಇವರು ಇಲ್ಲಿ ‘ಬಿರಡೆ ಅಕ್ಕ’. ಕೆಲವು ಚಿಕ್ಕವು ‘ಬಿರಡೆ ಅಜ್ಜಿ’ ಎನ್ನುವುದೂ ಉಂಟು. ‘ತಲೆಗೆ ಪ್ಲಾಸ್ಟರ್ ಪುಡಿ ಬಿದ್ದು ಬೆಳ್ಳಗಾಗಿದ್ದಕ್ಕೆ ಅಜ್ಜಿ ಅಂತಾವೆ. ತಲೆ ಕೊಡವಿ ತೋರಿಸ್ತೀನಿ, ಆಗಲೂ ನಂಬಲ್ಲ’ ಎನ್ನುವಾಗ ಬಿರಡೆ ಅಕ್ಕನ ಮುಖದಲ್ಲಿ ನಗು.

ಕೆಲವು ಮಕ್ಕಳ ದವಡೆಯ ಮೂಳೆಯೊಳಗೆ ಗೆಡ್ಡೆ ಬೆಳೆಯುತ್ತದೆ. ಕ್ಯಾನ್ಸರ್ ಅಲ್ಲ, ಮೈಗೆಲ್ಲ ಹರಡುವುದಿಲ್ಲ. ಆದರೆ ಇದ್ದ ಜಾಗದಲ್ಲೇ ಮೂಳೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತ, ಹುಟ್ಟಬೇಕಾದ ಹಲ್ಲುಗಳನ್ನು ಮೂಲೆಗೆ ನೂಕುತ್ತ ಹೋಗುತ್ತದೆ. ದೊಡ್ಡವರಾದರೆ ಎಷ್ಟೋ ಸಲ ಆ ಭಾಗದ ದವಡೆಯನ್ನೇ ಕತ್ತರಿಸಿ ತೆಗೆಯುತ್ತಾರೆ. ಬೆಳೆಯುವ ಮಗುವಿಗೆ ಹಾಗೆ ಮಾಡಿದರೆ ಒಂದು ಕೆನ್ನೆ ಬೆಳೆದು ಇನ್ನೊಂದು ಹಿಂದುಳಿಯುವ ಭಯ. ಹಾಗಾಗಿ ಗೆಡ್ಡೆ ನೀರು ತುಂಬಿದ ಚೀಲದಂಥದ್ದಾಗಿದ್ದರೆ, ಪರೀಕ್ಷೆಯಲ್ಲಿ ಅದು ಖಾತ್ರಿಯಾದ ಮೇಲೆ, ಡಾಕ್ಟರು ಅದಕ್ಕೊಂದು ಕಿಟಕಿ ತೆರೆಯುತ್ತಾರೆ. ಒಳಗಿನ ಒತ್ತಡ ಇಳಿಯುತ್ತದೆ. ದಿನವೂ ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ತೊಳೆಯುತ್ತ ಬಂದರೆ ತಿಂಗಳುಗಳು ಕಳೆದಂತೆ ತಳದಿಂದ ಹೊಸ ಮೂಳೆ ತುಂಬುತ್ತದೆ. ಕೊನೆಗೆ ಉಳಿದ ಸಣ್ಣ ಗೆಡ್ಡೆಯನ್ನು ಕೆರೆದು ತೆಗೆದರೆ ಆಯಿತು. ಮರಳಿ ಬಂದೀತೇ ಎಂದು ವರ್ಷಗಟ್ಟಲೆ ಕಣ್ಣಿಟ್ಟಿರಬೇಕು, ಅಷ್ಟೇ. ಅಲ್ಲಿಯವರೆಗೆ ಕಿಟಕಿ ಮುಚ್ಚಿಕೊಳ್ಳದಂತೆ ಕಾಯುವುದು ಬಿರಡೆಯ ಕೆಲಸ.

ಬಿರಡೆ ಅಕ್ಕ ಈ ಕೆಲಸಕ್ಕೆಂದೇ ಬಂದವರಲ್ಲ. ಚಿಕ್ಕಪ್ಪನ ಅಂಗಡಿಯಲ್ಲಿ ಹಲ್ಲಿನ ಸೆಟ್ಟಿಗೆ ಅಚ್ಚು ಹುಯ್ಯುತ್ತ ಕಲಿತವರು. ಇವತ್ತಿಗೂ ದಿನಕ್ಕೆ ನಾಲ್ಕೈದು ಸೆಟ್ಟು ಅವರ ಕೈಯಿಂದ ಇಳಿಯುತ್ತವೆ. ರಾಳದ ಘಾಟು ಸೆರಗಿಗೆ ಅಂಟಿ ಮನೆಯವರೆಗೂ ಬರುತ್ತದೆ. ಬೆರಳ ತುದಿಗಳು ಎಷ್ಟು ಸುಟ್ಟಿವೆಯೆಂದರೆ ಬಿಸಿ ಲೋಟ ಈಗ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಅತ್ತೆಯದು ಬೇರೆಯೇ ದೂರು: ‘ಊರ ಜನರ ಬಾಯೆಲ್ಲ ರಿಪೇರಿ ಮಾಡ್ತಾಳೆ, ನನ್ನ ಸೆಟ್ಟು ಮಾತ್ರ ಕಟಕಟ ಅನ್ನುತ್ತೆ.’ ಸೊಸೆಯ ಉತ್ತರ ಸಿದ್ಧ: ‘ಸೆಟ್ಟು ಸರಿಯಾಗೇ ಇದೆ ಅತ್ತೆ, ಮಾತು ಸ್ವಲ್ಪ ಕಮ್ಮಿ ಮಾಡಿ ನೋಡಿ.’

ಸೆಟ್ಟು ಮಾಡುವವರಿಗೆ ಒಂದೇ ಹೆಮ್ಮೆ, ಅದು ಬಾಯಿಗೆ ಅಚ್ಚುಕಟ್ಟಾಗಿ ಕೂರಬೇಕು. ಆ ಹೆಮ್ಮೆಯೇ ಮೊದಲ ಬಿರಡೆಯಲ್ಲಿ ಅವರ ಕೈ ಕೆಡಿಸಿತು. ಒಬ್ಬ ಹುಡುಗನಿಗೆ ಟೊಳ್ಳಿನ ತಳದವರೆಗೆ ಅಳತೆ ಹಿಡಿದು, ಒಂದಿಷ್ಟೂ ಅಲುಗದಂತೆ ಮಾಡಿಕೊಟ್ಟರು. ಹುಡುಗನಿಗೂ ಖುಷಿ, ಅವರಿಗೂ ಖುಷಿ. ಮುಂದಿನ ಎಕ್ಸ್‌ರೇಯಲ್ಲಿ ಟೊಳ್ಳು ಇದ್ದಷ್ಟೇ ಇತ್ತು. ಡಾಕ್ಟರು ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದರಂತೆ: ‘ಅಕ್ಕ, ಜಾಗವೆಲ್ಲ ಇದೇ ತುಂಬಿಕೊಂಡು ಕೂತರೆ ಮೂಳೆ ಎಲ್ಲಿಗೆ ಬರಬೇಕು?’

‘ಅವತ್ತು ಊಟ ಸೇರಲಿಲ್ಲ. ನಮ್ಮ ಕೆಲಸದಲ್ಲಿ ಸಡಿಲ ಅಂದ್ರೆ ಬೈಗುಳ. ಇಲ್ಲಿ ನೋಡಿದ್ರೆ ಗಿಡ್ಡ ಮಾಡು, ಸಡಿಲ ಮಾಡು, ಪ್ರತಿ ಸಲ ಇನ್ನೂ ಚಿಕ್ಕದು ಮಾಡು ಅಂತಾರೆ. ಕೈಗೆ ಒಗ್ಗಿಸೋಕೆ ತುಂಬಾ ದಿನ ಬೇಕಾಯ್ತು.’

ಪಾಲಿಶ್ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ತಾಯಿ, ಹಿಂದೆ ಸಮವಸ್ತ್ರದ ಹುಡುಗಿ. ಮೊದಲ ಬಸ್ಸಿಗೇ ಬಂದಿದ್ದಾರೆ. ಹುಡುಗಿಗೆ ಹದಿಮೂರು. ಕೆಳದವಡೆಯ ಎಡಬದಿ ಟೊಳ್ಳಾಗಿ, ಕೋರೆಹಲ್ಲೊಂದು ತಳದಲ್ಲಿ ಅಡ್ಡಡ್ಡ ಮಲಗಿಬಿಟ್ಟಿತ್ತು. ಕಳೆದ ಭೇಟಿಯಲ್ಲಿ ಮೂಳೆ ಹೇಳಿಕೊಳ್ಳುವಷ್ಟು ತುಂಬಿರಲಿಲ್ಲ. ಇವತ್ತಿನ ಎಕ್ಸ್‌ರೇಯೂ ಹಾಗೇ ಇದ್ದರೆ ಆ ಬದಿಯನ್ನು ಕತ್ತರಿಸುವ ಬಗ್ಗೆ ಮಾತಾಡೋಣ ಎಂದಿದ್ದರು ಡಾಕ್ಟರು.

‘ಅಕ್ಕಾ, ನಿನ್ನೆಯಿಂದ ಇದು ಒಳಗೇ ಹೋಗ್ತಿಲ್ಲ. ಎಷ್ಟು ಒತ್ತಿದ್ರೂ ಕೊಕ್ಕೆ ಹಲ್ಲಿಗೆ ಸಿಗಲ್ಲ’ ಎನ್ನುತ್ತಾರೆ ತಾಯಿ. ಕರವಸ್ತ್ರದ ಗಂಟು ಬಿಚ್ಚಿ ಬಿರಡೆಯನ್ನು ಮುಂದಿಡುತ್ತಾರೆ.

ಬಿರಡೆ ಒಳಗೆ ಹೋಗದಿರುವುದಕ್ಕೆ ಎರಡು ಕಾರಣ ಇರಬಹುದು. ತಳದಲ್ಲಿ ಮೂಳೆ ಬೆಳೆದು ಅದನ್ನು ಮೇಲಕ್ಕೆ ತಳ್ಳುತ್ತಿರಬಹುದು. ಇಲ್ಲವೇ ಕಿಟಕಿಯ ಬಾಯಿ ಕೂಡಿಕೊಳ್ಳುತ್ತಿದ್ದು, ಒಳಗೆ ಟೊಳ್ಳು ಹಾಗೇ ಉಳಿದಿರಬಹುದು. ಮೊದಲನೆಯದಾದರೆ ಹಬ್ಬ. ಎರಡನೆಯದಾದರೆ ಮತ್ತೆ ಅರಿವಳಿಕೆ ಕೊಟ್ಟು ಕಿಟಕಿ ತೆರೆಯಬೇಕು, ಅಥವಾ ದವಡೆಯ ಆಸೆಯನ್ನೇ ಬಿಡಬೇಕು.

‘ದಿನಾ ಹಾಕ್ಕೊಂಡಿದ್ದೆ ತಾನೆ ಪುಟ್ಟಿ?’

ಹುಡುಗಿ ಚಪ್ಪಲಿಯ ತುದಿ ನೋಡುತ್ತಾಳೆ. ‘ಹಾಡಿನ ಸ್ಪರ್ಧೆ ಇತ್ತು. ಇದಿದ್ರೆ ‘ಸ’ ಸರಿಯಾಗಿ ಬರಲ್ಲ. ತೆಗೆದು ಡಬ್ಬಿಲಿಟ್ಟಿದ್ದೆ.’

‘ಎಷ್ಟು ಹೊತ್ತು?’

‘ಒಂದಿನ... ಮಾರನೇ ದಿನಾನೂ.’

ತಾಯಿ ಹಣೆ ಚಚ್ಚಿಕೊಳ್ಳುತ್ತಾರೆ. ‘ನನ್ನ ಹತ್ರ ಒಂದು ಮಾತು ಹೇಳಿದ್ಯೇನೇ! ಹಾಡಿ ಯಾವ ಕಿರೀಟ ತಂದೆ?’

‘ಎರಡನೇ ಬಹುಮಾನ’ ಎಂದು ಹುಡುಗಿ ಗೊಣಗುತ್ತಾಳೆ.

ಬಿರಡೆ ಅಕ್ಕ ಬೈಯುವುದಿಲ್ಲ. ಬಾಯಿಯೊಳಗೆ ಟಾರ್ಚು ಬಿಟ್ಟು ನೋಡುತ್ತಾರೆ. ಕಿಟಕಿಯ ಅಂಚು ಕೆಂಪಗೆ ಊದಿಕೊಂಡಿದೆ, ಹಿಂದಿಗಿಂತ ಕಿರಿದಾಗಿರುವಂತೆಯೂ ಕಾಣುತ್ತದೆ. ಒತ್ತಿ ಒತ್ತಿ ಊದಿದ್ದೋ, ಕೂಡಿಕೊಳ್ಳುತ್ತಿರುವುದೋ? ‘ಮೇಲಿನಿಂದ ನೋಡಿದ್ರೆ ನನಗೆ ಗೊತ್ತಾಗಲ್ಲ ಅಮ್ಮ. ಸುಮ್ನೆ ಧೈರ್ಯ ಹೇಳೋಕೂ ಬಾಯಿ ಬರಲ್ಲ. ಎಕ್ಸ್‌ರೇ ಆಗಲಿ’ ಎಂದು ಹುಡುಗಿಯ ಕೈ ಹಿಡಿದು ತಾವೇ ಕರೆದೊಯ್ಯುತ್ತಾರೆ.

ಎಕ್ಸ್‌ರೇ ಯಂತ್ರ ತಲೆಯ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕುತ್ತದೆ. ಹುಡುಗಿ ಯಂತ್ರದ ಕಡ್ಡಿ ಕಚ್ಚಿ ಅಲುಗದೆ ನಿಂತಿದ್ದಾಳೆ. ಹೊರಗಿನ ಬೆಂಚಿನಲ್ಲಿ ಇಬ್ಬರು ಹೆಂಗಸರೂ ಕೂತಿದ್ದಾರೆ. ಕೆಲಸದ ಹೊತ್ತಿನಲ್ಲಿ ಹೀಗೆ ಕೂರುವುದು ಬಿರಡೆ ಅಕ್ಕನ ಮಟ್ಟಿಗೆ ಅಪರೂಪ. ಅಚ್ಚಿನ ಕೆಲಸ ಒಲೆಯ ಮೇಲಿದೆ, ಹೋಗಬೇಕು, ಹೋಗುವುದಿಲ್ಲ.

ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪರದೆಯ ಮೇಲೆ ಅಕ್ಕಪಕ್ಕ ಹಾಕುತ್ತಾರೆ. ಹಳೆಯದರಲ್ಲಿ ದವಡೆಯ ನಡುವೆ ಕಪ್ಪು ಗುಳಿ. ಹೊಸದರಲ್ಲಿ ಆ ಕಪ್ಪಿನ ತಳದಿಂದ ಬೂದು ಬಣ್ಣ ಮೇಲೇರಿದೆ, ಹಾಲಿಗೆ ಕೆನೆ ಕಟ್ಟಿದಂತೆ ತೆಳ್ಳಗೆ, ಆದರೆ ಅಂಚಿನಿಂದ ಅಂಚಿಗೆ. ಅಡ್ಡ ಮಲಗಿದ್ದ ಕೋರೆಹಲ್ಲು ಮೈಮುರಿದು ಅರ್ಧ ಎದ್ದಿದೆ.

ಡಾಕ್ಟರು ಒಂದು ತೆಳು ಸಲಾಕೆಯನ್ನು ಕಿಟಕಿಯೊಳಗೆ ಇಳಿಸುತ್ತಾರೆ. ಅದು ತೂತಿನ ಬಾಯಲ್ಲಿ ತಡೆಯುವುದಿಲ್ಲ. ಕೆಳಗೆ ಹೋಗಿ ಗಟ್ಟಿಗೆ ತಾಗಿ ನಿಲ್ಲುತ್ತದೆ. ‘ಬಾಯಿ ಕೂಡಿಲ್ಲ. ತಳ ತುಂಬಿದೆ. ಬಿರಡೆಯೇ ಉದ್ದ ಆಗಿಬಿಟ್ಟಿದೆ ಅಷ್ಟೇ. ಕತ್ತರಿಸೋ ಮಾತು ಈಗ ಬೇಡ. ಆದರೆ ಪುಟ್ಟಿ, ಇನ್ನೆರಡು ದಿನ ಹಾಕದೆ ಬಿಟ್ಟಿದ್ರೆ ಕಿಟಕಿ ಮುಚ್ಚಿಕೊಳ್ತಿತ್ತು, ಈ ಮಾತು ನಾನು ಹೇಳ್ತಿರಲಿಲ್ಲ, ಗೊತ್ತಾಯ್ತಾ?’

ಹುಡುಗಿ ತಲೆಯಾಡಿಸುತ್ತಾಳೆ. ತಾಯಿಗೆ ಅರ್ಥವಾಗುವುದು ತಡ. ‘ಹೋಗ್ತಿಲ್ಲ ಅಂದ್ರೆ ಒಳ್ಳೇದಾ?’ ಎಂದು ಮತ್ತೆ ಮತ್ತೆ ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಳೆಯ ಬಿರಡೆ ಉಜ್ಜುವ ಯಂತ್ರಕ್ಕೆ ಹೋಗುತ್ತದೆ. ಗುಲಾಬಿ ಪುಡಿ ಉದುರುತ್ತದೆ. ಹುಡುಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಾಳೆ. ‘‘ಸ’ ಬರೋ ಥರ ಮಾಡಿಕೊಡಿ ಅಕ್ಕಾ’ ಎನ್ನುತ್ತಾಳೆ ಮೆಲ್ಲಗೆ.

‘ನಾಲಿಗೆ ಕಡೆ ತೆಳು ಮಾಡ್ತೀನಿ. ಹಾಡಿ ನೋಡು, ಸರಿಹೋಗದಿದ್ರೆ ಇಲ್ಲಿಗೆ ಬಾ. ಡಬ್ಬಿಗೆ ಹಾಕಿದ್ರೆ ಕಿವಿ ಹಿಂಡ್ತೀನಿ.’

ಬಿರಡೆ ಬಾಯಿಗೆ ಕೂರುತ್ತದೆ, ಕೊಕ್ಕೆ ಹಲ್ಲಿಗೆ ಟಕ್ಕೆಂದು ಸಿಗುತ್ತದೆ. ಹುಡುಗಿ ಪಲ್ಲವಿಯೊಂದನ್ನು ಗುನುಗಿ, ಪರವಾಗಿಲ್ಲ ಎಂಬಂತೆ ಹುಬ್ಬೇರಿಸಿ, ತಾಯಿಯ ಹಿಂದೆ ಹೊರಡುತ್ತಾಳೆ.

ಇಷ್ಟು ವರ್ಷದ ಕೆಲಸದಲ್ಲಿ ತಮಗೆ ಬೇಕಾದದ್ದು ಏನಾದರೂ ಉಂಟೇ ಎಂದು ಕೇಳಿದರೆ ಬಿರಡೆ ಅಕ್ಕ ಕೈಯ ಪುಡಿ ಕೊಡವುತ್ತ, ಹುಡುಗಿ ಹೋದ ಬಾಗಿಲ ಕಡೆಗೇ ನೋಡುತ್ತಾರೆ.

‘ನನಗೇನು ಬೇಕು? ಮುಂದಿನ ಸಲ ಬಂದಾಗ ಇದೂ ಒಳಗೆ ಹೋಗಬಾರದು. ಅಷ್ಟೇ.’