ನೀಲಿ ಸೀರೆಗೆ ಹಸಿರು ದಾರ

ಮಳೆಗಾಲ ಮುಗಿದ ಮೇಲೆ ಮಲಾಡಿನ ನಮ್ಮ ಮನೆಯ ಕಪಾಟಿನಿಂದ ಒಂದು ಮುಗ್ಗಲು ವಾಸನೆ ಬರುತ್ತದೆ. ಬಟ್ಟೆಗಳಿಗೆ ಒಂದು ದಿನವಾದರೂ ಬಿಸಿಲು ತೋರಿಸದಿದ್ದರೆ ಅದು ಹೋಗುವುದಿಲ್ಲ. ಹೋದ ಭಾನುವಾರ ಹಾಗೆ ಸೀರೆಗಳನ್ನು ಕೊಡವುತ್ತಿದ್ದಾಗ ಕಡುನೀಲಿ ಕಾಟನ್ ಸೀರೆಯೊಂದರ ಅಂಚಿನ ಒಳಗೆ ಹೊಲಿದ ಫಾಲ್ ಪಟ್ಟಿ ಬಿಚ್ಚಿಕೊಂಡು ಜೋತುಬಿತ್ತು. ಬಿಚ್ಚಿದ್ದು ಅರ್ಧ ಮಾತ್ರ. ಒಂದು ತುದಿಯಿಂದ ನಡುವಿನ ತನಕ ನೀಲಿ ದಾರದ ಹೊಲಿಗೆ, ಅದು ಪೂರ್ತಿ ಸಡಿಲಾಗಿತ್ತು. ನಡುವಿನಿಂದಾಚೆ ಹಸಿರು ದಾರ. ಅಲ್ಲಿ ಒಂದು ಎಳೆಯೂ ಅಲುಗಿರಲಿಲ್ಲ.

ನೀಲಿ ಹೊಲಿಗೆ ನನ್ನದು. ಹಸಿರು ಕಾಕುವಿನದು...

ಕಾಕುವಿನ ಅಂಗಡಿ ದಾದರ್ ಸ್ಟೇಷನ್ನಿಗೆ ಹತ್ತಿರ, ಹಳೇ ಬಿಲ್ಡಿಂಗೊಂದರ ಮೆಟ್ಟಿಲ ಕೆಳಗಿತ್ತು. ಸೀರೆಗಳಿಗೆ ಫಾಲ್ ಹಚ್ಚುವುದು, ಸೆರಗಿನ ತುದಿಗೆ ಪಿಕೋ ಮಾಡುವುದು, ಅಷ್ಟೇ ಕೆಲಸ. ಅವರು ವಿಜಯಪುರದ ಕಡೆಯವರು. ಮಕ್ಕಳಿರಲಿಲ್ಲ, ಗಂಡ ಹೋದ ಮೇಲೆ ಈ ಅಂಗಡಿಯೊಂದೇ ಆಸರೆ. ಮರಾಠಿಯವರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ, ನಮ್ಮವರಿಗೂ ಕಾಕು. ಅವರ ಹೆಸರು ನಾನು ಕೇಳಲೇ ಇಲ್ಲ. ಬಿಟ್ಟು ಹೋಗುವ ಜಾಗದಲ್ಲಿ ಹೆಸರುಗಳನ್ನು ತಿಳಿದುಕೊಂಡು ಏನು ಮಾಡುವುದು ಅಂತ ಅನಿಸಿದ್ದಿರಬೇಕು.

ಹೌದು, ಬಿಟ್ಟು ಹೋಗಲೆಂದೇ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಬ್ಯಾಂಕಿನ ಪರೀಕ್ಷೆ ಪಾಸಾಗಿತ್ತು, ಹಾಜರಾಗುವ ತಾರೀಖಿನ ಪತ್ರವೂ ಕೈಗೆ ಬಂದಿತ್ತು. ನಡುವೆ ನಾಲ್ಕು ತಿಂಗಳು ಖಾಲಿ. ಚೆಂಬೂರಿನಲ್ಲಿ ಅಣ್ಣನ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅತ್ತಿಗೆ ಕೆಟ್ಟವಳಲ್ಲ, ಆದರೆ ಬೆಳಗಿನಿಂದ ಸಂಜೆವರೆಗೆ ಕಣ್ಣೆದುರು ಕೂತಿರುವ ನಾದಿನಿಯನ್ನು ಯಾರು ತಾನೇ ಸಹಿಸಿಯಾರು? ನಾಲ್ಕು ತಿಂಗಳಿಗೆ ಅಂದರೆ ಯಾರೂ ಕೆಲಸ ಕೊಡುವುದಿಲ್ಲ. ಅದಕ್ಕೇ ಹೇಳಲಿಲ್ಲ.

“ಸೂಜಿ ಹಿಡಿಯಾಕ ಬರ್ತದ?” ಅಂತ ಕಾಕು ಕೇಳಿದರು.

“ಬರ್ತದ್ರಿ, ಕಾಕು.”

“ನಡುವ ಬಿಟ್ಟ ಹೋಗಂಗಿಲ್ಲಲ್ಲ?”

“ಇಲ್ರಿ.”

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಕಾಕುವಿಗೆ ತಮ್ಮದೇ ಎರಡು ಕಟ್ಟಳೆಗಳಿದ್ದವು. ದಾರದ ಬಣ್ಣವನ್ನು ಅಂಗಡಿಯೊಳಗೆ ನೋಡಿ ಆರಿಸುವಂತಿಲ್ಲ. “ಟ್ಯೂಬಲೈಟ್ ಸುಳ್ಳ ಹೇಳ್ತದ, ಹೊರಗ ಹೋಗಿ ನೋಡು” ಅನ್ನುತ್ತಿದ್ದರು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಮೂರು ನಾಲ್ಕು ರೀಲು ಹಿಡಿದು ನಾನು ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದೆ. ಲೋಕಲ್ ಹಿಡಿಯಲು ಓಡುವವರೆಲ್ಲ ನನಗೆ ಡಿಕ್ಕಿ ಹೊಡೆದು, ನನ್ನನ್ನೇ ಬೈದು ಹೋಗುತ್ತಿದ್ದರು. ಎರಡನೆಯದು, ಫಾಲ್ ಹಚ್ಚಲು ಶುರು ಮಾಡಿದವರೇ ಅದನ್ನು ಮುಗಿಸಬೇಕು. ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ. ಎರಡು ಕೈ ಸೇರಿದರೆ ಅಂಚು ಸುಕ್ಕಾಗಿ ನೆರಿಗೆ ಜಗ್ಗುತ್ತದೆ. ಜ್ವರ ಬಂದರೂ ಅಷ್ಟೆ, ನಿಮ್ಮ ಸೀರೆ ನಿಮ್ಮ ದಾರಿ ಕಾಯುತ್ತಿರುತ್ತದೆ.

ನನ್ನ ಕೈ ಸಡಿಲು. ಕಾಕು ತಮ್ಮ ಬೆರಳಿನಿಂದ ನನ್ನ ಬೆರಳನ್ನು ಒತ್ತಿ ಹಿಡಿದು ಕಲಿಸಿದರು. ಎಷ್ಟು ಚೆನ್ನಾಗಿ ಕಲಿಸಿದರು ಅಂದರೆ, ಬಿಡಲಿಕ್ಕೇ ಬಂದವಳು ಅನ್ನುವುದನ್ನು ನಾನೇ ಎಷ್ಟೋ ಸಲ ಮರೆತಿದ್ದೇನೆ. ಬಣ್ಣ ಆರಿಸುವುದನ್ನು ಮಾತ್ರ ಅವರು ಬರಬರುತ್ತ ಪೂರ್ತಿ ನನಗೇ ಬಿಟ್ಟರು. ಯಾಕೆಂದು ನಾನು ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತ ಅವರೇ ಹೇಳಿದರು. “ಎರಡೂ ಕಣ್ಣಿಗೆ ಪೊರಿ ಬಂದದ. ಆಪರೇಶನ್ ಮಾಡಸ್ರಿ ಅಂತ ಡಾಕ್ಟರ್ ಹೇಳಿ ವರ್ಷ ಆತು. ಅಂಗಡಿ ಯಾರ ನೋಡ್ತಾರ ಅಂತ ಸುಮ್ಮನಿದ್ದೆ. ಈಗ ನೀ ಇದ್ದೀಯಲ್ಲ. ದೀಪಾವಳಿ ಗದ್ದಲ ಮುಗೀಲಿ, ಮಾಡಸ್ತೇನಿ.”

ನನ್ನ ಬ್ಯಾಂಕಿನ ತಾರೀಖು ದಸರೆಗೂ ಮೊದಲಿತ್ತು. ಆ ಗಳಿಗೆಯಲ್ಲೇ ಹೇಳಬೇಕಿತ್ತು. ಬಾಯಲ್ಲಿ ರೊಟ್ಟಿ ಇತ್ತು ಅನ್ನುವುದು ಒಂದು ನೆಪವೇ? ನುಂಗಿದೆ, ನೀರು ಕುಡಿದೆ, ಸೂಜಿ ಕೈಗೆತ್ತಿಕೊಂಡೆ. ಅದೇ ವಾರ ಅಂಗಡಿಯ ಹಿಂದಿನ ಚಾಳಿನಲ್ಲಿ ವಾಸವಿದ್ದ ಹೆಂಗಸೊಬ್ಬಳು ಕೆಲಸ ಕೇಳಿಕೊಂಡು ಬಂದಳು. “ನನಗ ಹುಡುಗಿ ಸಿಕ್ಕಾಳ” ಅಂತ ಕಾಕು ನನ್ನ ಕಡೆ ಕೈ ತೋರಿಸಿ ಅವಳನ್ನು ಕಳಿಸಿಬಿಟ್ಟರು. ನಾನು ತಲೆ ಎತ್ತಲಿಲ್ಲ.

ಬ್ಯಾಂಕಿಗೆ ಮೊದಲ ದಿನ ಉಡಲೆಂದು ನೀಲಿ ಸೀರೆ ಕೊಂಡಿದ್ದೆ. ಅದನ್ನು ಅಂಗಡಿಗೇ ತಂದು, ಊಟದ ಹೊತ್ತಿನಲ್ಲಿ ಫಾಲ್ ಹಚ್ಚುತ್ತಿದ್ದೆ. ಎಂಥ ಧೈರ್ಯ ನೋಡಿ! “ಹಬ್ಬಕ್ಕ ಏನು?” ಅಂತ ಕಾಕು ಕೇಳಿದಾಗ ಹೌದು ಅಂದೆ. ಅವರು ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದು, “ಛಲೋ ಅದ” ಅಂದರು.

ಅದು ಅರ್ಧ ಆಗಿತ್ತು. ಹಾಜರಾಗಲು ಮೂರು ದಿನ ಉಳಿದಾಗ, ಈ ಸಂಜೆ ಹೇಳೋಣ, ನಾಳೆ ಹೇಳೋಣ ಅಂತ ಹೇಳದೆ ಮನೆಗೆ ಬಂದೆ. ಮರುದಿನ ಹೋಗಲಿಲ್ಲ. ಜ್ವರ ಬಂದಿದೆ ಅಂತ ಫೋನಿನಲ್ಲಿ ಒಂದು ಮೆಸೇಜ್ ಹಾಕಿದೆ. ಓದಲು ಅವರಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ಹಾಕಿದ ಮೇಲೆ ನೆನಪಾಯಿತು. ಆದರೂ ಫೋನ್ ಮಾಡಲಿಲ್ಲ... ನೀಲಿ ಸೀರೆ ಅಂಗಡಿಯಲ್ಲೇ ಉಳಿದಿತ್ತು, ಬ್ಯಾಂಕಿಗೆ ಹಳೇ ಸೀರೆ ಉಟ್ಟುಕೊಂಡು ಹೋದೆ.

ಆ ದಿನವೇ ಕಾಕು ಅಣ್ಣನ ಮನೆಯ ನಂಬರಿಗೆ ಫೋನ್ ಮಾಡಿದ್ದರು. ಅತ್ತಿಗೆ ಹೆಮ್ಮೆಯಿಂದ, “ಆಕಿಗೆ ಬ್ಯಾಂಕಿನ್ಯಾಗ ನೌಕರಿ ಸಿಕ್ಕದ್ರಿ, ನಾಕ ತಿಂಗಳ ಹಿಂದನ ಪತ್ರ ಬಂದಿತ್ತು” ಅಂದಳಂತೆ. ಕಾಕು “ಛಲೋ ಆತು” ಅಂತ ಫೋನ್ ಇಟ್ಟರಂತೆ.

ಹತ್ತು ದಿನದ ಮೇಲೆ ಕೆಲಸದಿಂದ ಬಂದಾಗ ಮಂಚದ ಮೇಲೆ ಒಂದು ಕಾಗದದ ಪೊಟ್ಟಣವಿತ್ತು. ಕಾಕು ತಾವೇ ತಂದುಕೊಟ್ಟಿದ್ದರು. ದಾದರಿನಿಂದ ಕುರ್ಲಾಕ್ಕೆ ಬಂದು, ಅಲ್ಲಿ ಗಾಡಿ ಬದಲಿಸಿ, ಆ ಕಣ್ಣಿನಲ್ಲಿ ಸೇತುವೆಯ ಮೆಟ್ಟಿಲು ಹತ್ತಿಳಿದು, ವಿಳಾಸ ಕೇಳಿಕೊಂಡು. “ಒಳಗ ಬರ್ರಿ ಅಂದ್ರ ಬರಲೇ ಇಲ್ಲ” ಅಂದಳು ಅತ್ತಿಗೆ. “ಹೊಸಾ ನೌಕರಿಗೆ ಉಟಗೊಂಡ ಹೋಗ್ಲಿ. ಕೈ ಎರಡಾಗ್ಯಾವ, ನಿರಿಗಿ ಸ್ವಲ್ಪ ಜಗ್ಗತಾವ, ಸಂಭಾಳಿಸ್ಕೋ ಅನ್ರಿ ಅಂತ ಹೇಳಿ ಹೋದ್ರು.”

ಬಿಚ್ಚಿ ನೋಡಿದೆ. ನಾನು ಬಿಟ್ಟಲ್ಲಿಂದ ಶುರುವಾಗಿ ತುದಿಯ ತನಕ ಕಡುಹಸಿರು ದಾರ. ಜೀವನವಿಡೀ ಒಂದು ಸೀರೆಗೆ ಒಂದೇ ಕೈ ಅಂದವರು ನನಗಾಗಿ ಅದನ್ನು ಮುರಿದಿದ್ದರು. ಕಣ್ಣಿಗೆ ಕಂಡದ್ದನ್ನೇ ನೀಲಿ ಅಂದುಕೊಂಡು ಹೊಲಿದಿದ್ದರು. ಹೊರಗೆ ಹೋಗಿ ಬಿಸಿಲಲ್ಲಿ ನೋಡಿ ಬರಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವತ್ತು ನಾನು ಅತ್ತೆ. ಅತ್ತೆನೇ ಹೊರತು ಎದ್ದು ದಾದರಿಗೆ ಹೋಗಲಿಲ್ಲ.

ಆ ಸೀರೆ ಉಟ್ಟಿದ್ದೇನೆ, ಹಲವು ಸಲ. ಒಮ್ಮೆ ಬ್ಯಾಂಕಿನಲ್ಲಿ ಪಕ್ಕದ ಕುರ್ಚಿಯವಳು ಅಂಚಿನ ಹಸಿರು ಚುಕ್ಕೆಗಳನ್ನು ನೋಡಿ, “ಯಾರೇ ಇದನ್ನು ಕೆಡಿಸಿದ್ದು? ಗಮನವೇ ಇಲ್ಲದವರ ಹತ್ತಿರ ಯಾಕೆ ಕೊಟ್ಟೆ?” ಅಂದಳು. ನಾನು ನಕ್ಕು, ಹೌದು ಅಂತ ತಲೆ ಆಡಿಸಿದೆ. ಹೇಳದೆ ಬಿಟ್ಟು ಬಂದದ್ದಕ್ಕಿಂತ ಆ ತಲೆ ಆಡಿಸಿದ್ದು ಈಗಲೂ ಹೆಚ್ಚು ಚುಚ್ಚುತ್ತದೆ.

ಅದಾದ ಮೇಲೆ ದಾದರಿಗೆ ಹೋದೆ. ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಮೆಟ್ಟಿಲ ಕೆಳಗೆ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಎದುರಿನ ಹೂವಿನವಳಿಗೆ ಗೊತ್ತಿದ್ದದ್ದು ಇಷ್ಟೇ. ಕಾಕು ಆ ದೀಪಾವಳಿಯ ನಂತರ ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೋದರು. ಆಪರೇಶನ್ ಆಯಿತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಊರು ಯಾವುದೆಂದೂ ಗೊತ್ತಿರಲಿಲ್ಲ. ಹೆಸರು ಹಿಡಿದು ಹುಡುಕೋಣವೆಂದರೆ, ಹೆಸರೇ ನನ್ನ ಹತ್ತಿರ ಇರಲಿಲ್ಲ.

ಹೋದ ಭಾನುವಾರ ನನ್ನ ಸಡಿಲು ಹೊಲಿಗೆಯನ್ನೆಲ್ಲ ಬಿಚ್ಚಿ ತೆಗೆದೆ. ಈಗ ಸೂಜಿಗೆ ದಾರ ಪೋಣಿಸಲು ನನಗೂ ಕನ್ನಡಕ ಬೇಕು. ಎರಡು ರೀಲು ಹಿಡಿದು ಬಾಲ್ಕನಿಗೆ ಹೋಗಿ ಬಿಸಿಲಲ್ಲಿ ನೋಡಿದೆ. ನೀಲಿಗೆ ನೀಲಿ ಸರಿಯಾಗಿ ಕೂಡುತ್ತಿತ್ತು. ಆ ರೀಲನ್ನು ಡಬ್ಬಿಯೊಳಗಿಟ್ಟು ಹಸಿರು ದಾರ ಪೋಣಿಸಿಕೊಂಡು ಕೂತೆ. ಕಾಕು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಹೇಳಬೇಕಾದ ಮಾತು ಇನ್ನು ಹೇಳಲಾಗದು. ಮಗಳು ಎರಡು ಸಲ ಊಟಕ್ಕೆ ಕರೆದಳು. ತುದಿ ಮುಟ್ಟುವ ತನಕ ನಡುವೆ ಬಿಟ್ಟು ಏಳಲಿಲ್ಲ.