ತಲೆಯ ಮೇಲಿನ ದಾರಿ

ನಾನು ರಸ್ತೆಯಲ್ಲಿ ನೆಟ್ಟಗೆ ನಡೆಯುವ ಮನುಷ್ಯನಲ್ಲ. ಕಟ್ಟುತ್ತಿರುವ ಮನೆ ಕಂಡರೆ ಆಚೆ ಬದಿಗೆ ದಾಟುತ್ತೇನೆ. ಬಾಲ್ಕನಿಯ ಅಂಚಿನಲ್ಲಿ ಹೂವಿನ ಕುಂಡ ಕಂಡರೆ ಚರಂಡಿಯ ಕಡೆ ಸರಿಯುತ್ತೇನೆ. ಗೋವಾದಲ್ಲಿ ಹೀಗೆ ಅಡ್ಡಾದಿಡ್ಡಿ ನಡೆಯುವವರಿಗೆ ಜನ ಹಚ್ಚುವ ಹೆಸರು ಒಂದೇ. ಚಹಾ ಬಿಟ್ಟರೆ ಬೇರೇನೂ ಕುಡಿಯದ ನನಗೂ ಆ ಹೆಸರು ಬಂದಾಗ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕುಡೀದನ ಕುಡುಕ ಅನಿಸಿಕೊಂಡ್ರಿ ನೋಡ್ರಿ. ಇದಕ್ಕೂ ಪುಣ್ಯಾ ಬೇಕು!”

ಇದಕ್ಕೆಲ್ಲ ಕಾರಣ ಒಂದು ಆಟಿಗೆಯ ಕ್ರೇನು ಎಂದರೆ ನೀವೂ ನಗಬಹುದು. ನಗ್ರಿ, ಬ್ಯಾಡನ್ನಂಗಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗ್ರಿ.

ಫೋನಿಗೆ ಇನ್ನೂ ಗುಂಡಿಗಳಿದ್ದ ಕಾಲ. ಮಂಗೋರ್ ಹಿಲ್ಲಿನಲ್ಲಿ ನಮ್ಮ ಬಾಡಿಗೆ ಮನೆ, ವಾಸ್ಕೋದ ಒಂದು ಆಫೀಸಿನಲ್ಲಿ ನನ್ನ ಕಾರಕೂನಿಕೆ. ಒಂಬತ್ತನೇ ಇಯತ್ತೆಯಲ್ಲಿದ್ದ ಮಗಳು ದೀಪಾ ಮತ್ತು ಅವಳ ಗೆಳತಿ ರೇಣುಕಾ ಸಾಲಿಯಿಂದ ಒಂದು ಸ್ಪರ್ಧೆಗೆ ಆಯ್ಕೆಯಾದರು. ತೂತು ತೂತಿನ ತಗಡಿನ ಪಟ್ಟಿ, ಹಲ್ಲಿನ ಗಾಲಿ, ನಟ್ಟು-ಬೋಲ್ಟು ತುಂಬಿದ ಡಬ್ಬಿಯನ್ನು ಮೊದಲೇ ಮನೆಗೆ ಕೊಡುತ್ತಾರೆ. ಅಷ್ಟರಲ್ಲೇ ಕ್ರೇನು ಕಟ್ಟಬೇಕು. ಮೇಜಿನ ಈ ಕಡೆ ರಟ್ಟಿನ ಹಡಗು, ಆ ಕಡೆ ಮಾಲು ಇಳಿಸುವ ಧಕ್ಕೆ. ಹಡಗಿನಲ್ಲಿರುವ ಮರದ ತುಂಡನ್ನು ಎತ್ತಿ ಧಕ್ಕೆಗೆ ಇಳಿಸಬೇಕು. ನಡುವೆ ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಆಳು ನಿಂತಿರುತ್ತಾನೆ, ಅವನಿಗೆ ತಾಗಬಾರದು. ಎಲ್ಲರಿಗಿಂತ ಬೇಗ ಮುಗಿಸಿದವರಿಗೆ ಮುಂಬಯಿ ಪ್ರವಾಸ, ಅಲ್ಲಿ ಖರೇ ಕ್ರೇನು ಮಾಡುವ ಕಾರಖಾನೆಯ ದರ್ಶನ.

ದೀಪಾಗೆ ಮುಂಬಯಿ ಬೇಕಿತ್ತು. ರೇಣುಕಾಗೆ ಬೇಕಾಗಿದ್ದು ಕಾರಖಾನೆ. ಗದಗಿನ ಕಡೆಯಿಂದ ದುಡಿಯಲು ಬಂದಿದ್ದ ಅವಳಪ್ಪ ಸಾಂಕೋಲೆಯ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಕ್ರೇನಿನಿಂದ ಮಾಲು ಕಳಚಿ ಮೇಲೆ ಬಿದ್ದು ಅವನು ತೀರಿಕೊಂಡಿದ್ದ. ಹುಡುಗಿ ಅಳದೆ, ಪಾಠ ಒಪ್ಪಿಸುವವರ ಹಾಗೆ ನನಗೆ ಹೇಳಿದಳು: “ಆ ಮಶೀನು ಯಾಕ ಕೈ ಬಿಡ್ತೈತಿ, ಕಣ್ಣಾರೆ ನೋಡ್ಬೇಕ್ರಿ ಕಾಕಾ.” ಈ ಹುಡುಗಿ ಗೆಲ್ಲಲೇಬೇಕು ಎಂದು ಅವತ್ತೇ ನಾನು ಹಟ ಹಿಡಿದೆ.

ಊಟದ ಮೇಜು ಬಂದರವಾಯಿತು. ನಾವು ನೆಲಕ್ಕೆ ಕೂತು ಉಂಡೆವು. ಕ್ರೇನು ಎದ್ದು ನಿಂತು, ಎತ್ತಿತು, ತಿರುಗಿತು, ಇಳಿಸಿತು. ಎಲ್ಲ ಚಲೋ ಇತ್ತು, ನಾನು ನಡುವೆ ಬಾಯಿ ಹಾಕುವ ತನಕ. “ಆಳು ಇಲ್ಲದ ತಾಲೀಮು ಎಂಥಾದ್ದು?” ಎಂದು ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಟ್ಟಿದ್ದ ಕಿಲ್ಲೆಯಲ್ಲಿ ಉಳಿದಿದ್ದ ಮಣ್ಣಿನ ಸಿಪಾಯಿಯನ್ನು ತಂದು ಮಧ್ಯೆ ನಿಲ್ಲಿಸಿದೆ.

ಕ್ರೇನು ಅವನ ತನಕ ಬಂದು ನಿಂತುಬಿಟ್ಟಿತು.

ಗಾಲಿಯ ಹಲ್ಲು ಬಿಗಿದಿರಬೇಕು ಎಂದು ಹೊಲಿಗೆ ಮಶೀನಿನ ಎಣ್ಣೆ ಬಿಟ್ಟೆ. ಸಿಪಾಯಿಯನ್ನು ತೆಗೆದರೆ ಸಲೀಸಾಗಿ ಹೋಯಿತು. ಮತ್ತೆ ಇಟ್ಟರೆ ನಿಂತಿತು. ಅವನನ್ನು ಒಂದು ಗೇಣು ಆಚೆ ಇಟ್ಟೆ, ಅದೂ ಅಲ್ಲಿಯ ತನಕ ಹೋಗಿ ನಿಂತಿತು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿತ್ತು. ರೇಣುಕಾಳ ಕೈಯೇ ನಿಲ್ಲುತ್ತಿರಬೇಕು, ಪಾಪ, ಎಂದುಕೊಂಡು ಕ್ರೇನು ತಿರುಗಿಸುವ ಹಿಡಿಕೆಯನ್ನು ನಾನೇ ಹಿಡಿದೆ.

“ಅಪ್ಪಾ, ನಿಮ್ಮ ಕೈಯಾಗೂ ನಿಂತತಲ್ಲ!” ಎಂದಳು ದೀಪಾ.

ಯಂತ್ರಕ್ಕೆ ಜೀವವಿಲ್ಲ ಎಂದು ನಾವು ಕಲಿತವರು ಹೇಳುತ್ತೇವೆ. ದಸರೆಯ ಖಂಡೇ ಪೂಜೆಯ ದಿನ ಅದೇ ಯಂತ್ರಕ್ಕೆ ಕುಂಕುಮ ಹಚ್ಚಿ, ಇವತ್ತು ಅದಕ್ಕೆ ವಿಶ್ರಾಂತಿ, ಯಾರೂ ಮುಟ್ಟಬೇಡಿ ಅನ್ನುತ್ತೇವೆ. ಹೊಸ ಕಟ್ಟಡಕ್ಕೆ ಮೀಸೆಯ ದೃಷ್ಟಿಬೊಂಬೆ ಕಟ್ಟುತ್ತೇವೆ. ಎರಡರಲ್ಲಿ ಯಾವುದನ್ನು ಖರೇ ನಂಬುತ್ತೇವೋ ದೇವರಿಗೇ ಗೊತ್ತು. ನಾನಂತೂ ಗೋವಾದ ಹವೆಗೆ ತುಕ್ಕು ಹಿಡಿದಿದೆ ಎಂದು ಮಕ್ಕಳಿಗೆ ಹೇಳಿ, ಸಿಪಾಯಿಯನ್ನು ಡಬ್ಬಿಗೆ ಹಾಕಿಬಿಟ್ಟೆ.

ಸ್ಪರ್ಧೆ ಮಡಗಾಂವದ ಒಂದು ಕಾಲೇಜಿನಲ್ಲಿ. ಹಿಡಿಕೆ ರೇಣುಕಾಳ ಕೈಯಲ್ಲಿತ್ತು. ತುಂಡು ಮೇಲೆದ್ದಿತು, ತಿರುಗಿತು, ಪ್ಲಾಸ್ಟಿಕ್ ಆಳಿನ ಹತ್ತಿರ ಬಂತು. ನಿಂತಿತು.

“ಜೋರ ತಿರುಗಸ!” ದೀಪಾ ಚೀರಿದಳು. ನಾನು ಪ್ರೇಕ್ಷಕರ ನಡುವೆ ಕೂತು ಗಾಳಿಯಲ್ಲೇ ಹಿಡಿಕೆ ತಿರುಗಿಸುತ್ತಿದ್ದೆ. ರೇಣುಕಾ ಆ ಆಳನ್ನು ಒಮ್ಮೆ ನೋಡಿದಳು. “ಕೆಳಗ ಇಂವ ನಿಂತಾನಲ್ಲಬೇ,” ಎಂದು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಳು. ಕ್ರೇನು ಹಿಮ್ಮುಖವಾಗಿ, ಯಾರೂ ಇಲ್ಲದ ಬದಿಯಿಂದ, ಒಂದು ದೊಡ್ಡ ಸುತ್ತು ಹಾಕತೊಡಗಿತು. ತುಂಡು ಧಕ್ಕೆಗೆ ಮುಟ್ಟುವುದರೊಳಗೆ ವೇಳೆ ಮುಗಿದ ಗಂಟೆ ಹೊಡೆಯಿತು. ಮುಂಬಯಿ ಹೋಯಿತು. ದೀಪಾ ಅತ್ತಳು. ನನಗೂ ಅಳು ಬಂದಿತ್ತು, ಗಂಡಸೆಂದು ಕೆಮ್ಮಿದೆ.

ತೀರ್ಪುಗಾರರು ವಯಸ್ಸಾದ ಇಂಜಿನಿಯರು, ಒಳ್ಳೆಯ ಮನುಷ್ಯ. ಹತ್ತಿರದ ದಾರಿ ಬಿಟ್ಟು ಯಾಕೆ ಸುತ್ತಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ತಾವೇ ತುಂಡನ್ನು ಎತ್ತಿ ಹತ್ತಿರದ ದಾರಿಗೆ ತಿರುಗಿಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು! “ನೋಡಿ, ಏನೂ ಅಡ್ಡಿ ಇಲ್ಲ,” ಎನ್ನುವಷ್ಟರಲ್ಲಿ, ಸರಿಯಾಗಿ ಆ ಆಳಿನ ತಲೆಯ ಮೇಲೆ, ದಾರದ ಗಂಟು ಕಳಚಿತು.

ಟಪ್.

ದಾರ ಹರಿದಿರಲಿಲ್ಲ. ದೀಪಾ ಹಾಕಿದ್ದ ಜೋಡುಗಂಟು, ಯಾರೋ ಕೂತು ಬಿಚ್ಚಿದ ಹಾಗೆ ಸಡಿಲವಾಗಿ ತೂಗುತ್ತಿತ್ತು.

ರೇಣುಕಾ ಮುಂದೆ ಹೋಗಿ ಮರದ ತುಂಡನ್ನು ಎತ್ತಿದಳು. ಕೆಳಗಿದ್ದ ಆಳನ್ನು ಓಢಣಿಯಿಂದ ಒರೆಸಿ, ಮೇಜಿನ ಅಂಚಿಗೆ, ಕ್ರೇನಿನ ಕೈಗೆ ನಿಲುಕದ ಕಡೆ ನಿಲ್ಲಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು.

“ಹೆಂಗ ಕೈ ಬಿಡ್ತೈತಿ ಅಂತ ನೋಡಿದ್ನಿರಿ ಕಾಕಾ. ಇನ್ನ ಮುಂಬೈಕ ಹೋಗೂದು ಬ್ಯಾಡ್ರಿ.”

ಕ್ರೇನನ್ನು ಬಿಚ್ಚಿ ಡಬ್ಬಿಗೆ ತುಂಬಿ ವಾಪಸು ಕೊಟ್ಟೆವು. ಬಿಚ್ಚಿದ ಮೇಲೆ ನೋಡಿದರೆ ಪಟ್ಟಿ, ಗಾಲಿ, ಬೋಲ್ಟು, ಅಷ್ಟೇ. ಮತ್ತೇನೂ ಇರಲಿಲ್ಲ. ನಾನು ಚೆನ್ನಾಗಿ ಹುಡುಕಿದೆ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಮೇಲೆ ಕಬ್ಬಿಣದ ಸರಳು ತೂಗುತ್ತಿದ್ದವು, ದೃಷ್ಟಿಬೊಂಬೆ ಮೀಸೆಯಲ್ಲೇ ನಗುತ್ತಿತ್ತು. ಮೂವರೂ ಒಟ್ಟಿಗೇ ರಸ್ತೆಯ ಆಚೆ ಬದಿಗೆ ದಾಟಿದೆವು. ದಾಟುವಾಗ ರೇಣುಕಾ ನನ್ನ ತೋಳು ಹಿಡಿದು ತನ್ನ ಕಡೆ ಸ್ವಲ್ಪ ಎಳೆದುಕೊಂಡಳು, ಅಪ್ಪನನ್ನು ಎಳೆದುಕೊಂಡ ಹಾಗೆ.

ಆವತ್ತಿನಿಂದ ನಾನು ಹೀಗೇ ನಡೆಯುತ್ತೇನೆ. ಜನ ಕುಡುಕ ಅಂದರ ಅನ್ಲಿ. ಸುತ್ತು ಹಾಕಿ ಹೋದರೂ ಮನಿ ಬರ್ತದ.